ಪರಾಯಾ ಪದಕ್ಕೆ ಎರಡು ಅಂಕ: ಪರೀಕ್ಷೆಯ ಇಂಗ್ಲಿಷ್ ಮತ್ತು ನಾವು

1

ಭಾನುವಾರ ಬೆಳಗ್ಗೆ ಕೋಲಾರ ಸೀಮೆಯ ಒಂದು ಅಂಬೇಡ್ಕರ್ ಭವನದಲ್ಲಿ ಇಪ್ಪತ್ತು ಇಪ್ಪತ್ತೈದು ಹುಡುಗ ಹುಡುಗಿಯರು ಸೇರುತ್ತಾರೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ನು, ಬ್ಯಾಂಕು ಅಂತ ಅರ್ಜಿ ಹಾಕಿಕೊಂಡವರು. ಹೆಚ್ಚಿನವರು ನಮ್ಮ ಕೇರಿಗಳಿಂದ ಬಂದವರು, ಮನೆಯಲ್ಲಿ ಓದಿದ ಮೊದಲ ತಲೆಮಾರು. ನಾನು ಅವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೇಳಿಕೊಡುತ್ತೇನೆ ಅನ್ನುವುದಕ್ಕಿಂತ, ಒಂದು ದಪ್ಪ ಗೈಡನ್ನು ಮಧ್ಯೆ ಇಟ್ಟುಕೊಂಡು ಎಲ್ಲರೂ ಸೇರಿ ಉರು ಹೊಡೆಯುತ್ತೇವೆ ಅನ್ನುವುದೇ ಸರಿ. ಆ ಗೈಡಿನಲ್ಲಿ ವರ್ಬಲ್ ರೀಸನಿಂಗ್ ಅಂತ ಒಂದು ಭಾಗ. ಅದರೊಳಗೆ ಇಡಿಯಮ್ಸು, ಫ್ರೇಸಸ್ಸು, ಒಂದು ವಾಕ್ಯಕ್ಕೆ ಒಂದು ಪದ ಹೇಳುವ ಪಟ್ಟಿ. ಪುಟಗಟ್ಟಲೆ.

ಒಂದು ಭಾನುವಾರ 'ಸಮಾಜ ಹೊರಗಿಟ್ಟ ವ್ಯಕ್ತಿ' ಎಂಬುದಕ್ಕೆ ಒಂದೇ ಪದ ಯಾವುದು ಎಂಬ ಪ್ರಶ್ನೆ ಬಂತು. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದು 'ಪರಾಯಾ'. ಮುಂದಿನ ಸಾಲಿನಲ್ಲಿದ್ದ ಕೆಜಿಎಫ್ ಹುಡುಗಿಯೊಬ್ಬಳು, ಮನೆಯಲ್ಲಿ ತಮಿಳು ಮಾತಾಡುವವಳು, ತಾತ ಗಣಿಯಲ್ಲಿ ದುಡಿದವರು, ತಲೆ ಎತ್ತಿ ಕೇಳಿದಳು: "ಸರ್, ಇದು ನಮ್ಮ ಜಾತಿ ಹೆಸರಲ್ವಾ?"

ಹೌದು, ಅದೇ. ತಮಿಳಿನಲ್ಲಿ ಪರೈ ಅಂದರೆ ತಮಟೆಯಂಥ ಚರ್ಮವಾದ್ಯ. ಅದನ್ನು ಬಡಿಯುವವರು ಪರೈಯರು. ಈ ಹೆಸರು ಹದಿನೇಳನೇ ಶತಮಾನದ ಆರಂಭದಲ್ಲೇ ಇಂಗ್ಲಿಷಿಗೆ ಹೋಗಿ, ಎಲ್ಲರೂ ದೂರವಿಡುವ ಮನುಷ್ಯ, ದೇಶ, ಕೊನೆಗೆ ಬೀದಿನಾಯಿಗೂ ಅನ್ವಯವಾಗುವ ಮಾತಾಗಿಬಿಟ್ಟಿತು. ಈಗ ಅದೇ ಮಾತು ವಾಪಸ್ಸು ಬಂದು ಆ ಸಮುದಾಯದ ಹುಡುಗಿಯ ಮುಂದೆ ಪ್ರಶ್ನೆಯಾಗಿ ಕೂತಿದೆ. ಸರಿ ಹೇಳಿದರೆ ಎರಡು ಅಂಕ, ತಪ್ಪಿದರೆ ಅರ್ಧ ಅಂಕ ಕಡಿತ. ಅವಳು ಸರಿ ಗುರುತು ಹಾಕಿದಳು. ಏನೂ ಮಾತಾಡಲಿಲ್ಲ.

ಅವತ್ತಿನಿಂದ ನನಗೆ ಈ ಪಟ್ಟಿಗಳನ್ನು ಸುಮ್ಮನೆ ಉರು ಹೊಡೆಸಲು ಮನಸ್ಸಾಗುತ್ತಿಲ್ಲ. ಹಾಗಂತ ಬಿಡಿಸಲೂ ಆಗುವುದಿಲ್ಲ. ಅಂಕ ಬೇಕಲ್ಲ. ಈ ಇಕ್ಕಟ್ಟು ನನ್ನೊಬ್ಬನದಲ್ಲ. ಇದಕ್ಕೆ ನೂರೈವತ್ತು ವರ್ಷ ಮೀರಿದ ಚರಿತ್ರೆಯಿದೆ. ಅದನ್ನು ನಮ್ಮ ನೆಲೆಯಿಂದ ನೋಡುವ ಪ್ರಯತ್ನ ಈ ಬರಹ.

2

ಮೊದಲು ಒಂದು ಸರಳ ಮಾತು. ನುಡಿಗಟ್ಟನ್ನು ತರ್ಕದಿಂದ ಬಿಡಿಸಲು ಬರುವುದಿಲ್ಲ. 'ಕಿಕ್ ದ ಬಕೆಟ್' ಎಂದರೆ ಸಾಯುವುದು. ಒದೆಯುವುದು ಗೊತ್ತು, ಬಕೆಟ್ಟು ಗೊತ್ತು. ಎರಡನ್ನೂ ಸೇರಿಸಿ ಎಷ್ಟು ಯೋಚಿಸಿದರೂ ಸಾವು ಬರುವುದಿಲ್ಲ. ನಮ್ಮ 'ಕೈ ಕೊಟ್ಟ' ಎಂಬ ಮಾತೂ ಹಾಗೇ. ಕನ್ನಡ ಹೊಸದಾಗಿ ಕಲಿತವನು ಕೈ ನೀಡಿ ಸಹಾಯ ಮಾಡಿದ ಅಂತ ತಿಳಿದುಕೊಂಡರೆ ಅವನ ಬುದ್ಧಿ ಮೊಂಡು ಎನ್ನುವುದಕ್ಕಾಗುತ್ತದೆಯೆ? ಅವನು ನಮ್ಮ ನಡುವೆ ಬೆಳೆದಿಲ್ಲ, ಅಷ್ಟೆ.

ನುಡಿಗಟ್ಟು ಗೊತ್ತಿರುವುದು ಅಂದರೆ ಆ ನುಡಿಗಟ್ಟು ಓಡಾಡುವ ಮನೆಯಲ್ಲಿ, ಶಾಲೆಯಲ್ಲಿ, ಪತ್ರಿಕೆಯಲ್ಲಿ ಓಡಾಡಿರುವುದು. ಇದನ್ನು ರೀಸನಿಂಗ್ ಅಂತ ಕರೆದ ಕೂಡಲೇ ಏನಾಗುತ್ತದೆ? ಯಾರ ಮನೆಯಲ್ಲಿ ಇಂಗ್ಲಿಷ್ ಇದೆಯೋ ಅವರು ಬುದ್ಧಿವಂತರಾಗುತ್ತಾರೆ, ಯಾರ ಮನೆಯಲ್ಲಿ ಇಲ್ಲವೋ ಅವರು ದಡ್ಡರಾಗುತ್ತಾರೆ. ಹುಟ್ಟಿನಿಂದ ಬಂದದ್ದನ್ನು ಯೋಗ್ಯತೆ ಎಂದು ಕರೆಯುವ ಈ ಉಪಾಯ ನಮಗೆ ಹೊಸದೇನಲ್ಲ. ನಾವು ಅದನ್ನು ಬಹಳ ಕಾಲದಿಂದ ಬಲ್ಲೆವು.

3

ಒಬ್ಬನೇ ಮನುಷ್ಯ ಎರಡು ಬಾಗಿಲು ಕಟ್ಟಿದ. 1835ರ ಫೆಬ್ರವರಿ 2ರ ಟಿಪ್ಪಣಿಯಲ್ಲಿ ಸರ್ಕಾರದ ವಿದ್ಯೆಯ ಹಣ ಇಂಗ್ಲಿಷಿಗೆ ಹೋಗಬೇಕು ಎಂದು ವಾದಿಸಿದ ಮೆಕಾಲೆಯ ವಿಷಯ ಎಲ್ಲರಿಗೂ ಗೊತ್ತು. ಅದೇ ಮೆಕಾಲೆ 1854ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆ ಹೇಗಿರಬೇಕೆಂದು ಹೇಳಿದ ಸಮಿತಿಯ ಅಧ್ಯಕ್ಷನೂ ಆಗಿದ್ದ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಆ ಸಮಿತಿ ಹಾಕಿಕೊಟ್ಟ 6,875 ಅಂಕಗಳಲ್ಲಿ ಇಂಗ್ಲಿಷ್ ಭಾಷೆ ಸಾಹಿತ್ಯಕ್ಕೇ 1,500. ಗ್ರೀಕಿಗೆ 750, ಲ್ಯಾಟಿನ್ನಿಗೆ 750. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಆಳಬೇಕಾದ ಜನರು ಆಡುವ ಕನ್ನಡ, ಮರಾಠಿ, ತಮಿಳಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಭಾಷೆಗೆ ಅಂಕ ಕಟ್ಟಿ ಅಧಿಕಾರ ಹಂಚುವ ಪದ್ಧತಿ ನಮ್ಮ ದೇಶಕ್ಕೆ ಹೀಗೆ ಬಂತು.

ಅದೇ 1854ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರ 'ಕಾವ್ಯಫುಲೆ' ಪ್ರಕಟವಾಯಿತು. ಶೂದ್ರರು, ಅತಿಶೂದ್ರರು ಇಂಗ್ಲಿಷ್ ಕಲಿಯಿರಿ ಎಂದು ಕರೆ ಕೊಡುವ ಕವಿತೆಗಳು ಅದರಲ್ಲಿವೆ. ಲಂಡನ್ನಿನಲ್ಲಿ ಇಂಗ್ಲಿಷು ಆಳುವವರನ್ನು ಆರಿಸುವ ಜರಡಿಯಾಗುತ್ತಿದ್ದಾಗ ಪುಣೆಯಲ್ಲಿ ಅದೇ ಇಂಗ್ಲಿಷು ಬಿಡುಗಡೆಯ ದಾರಿಯಾಗಿ ಕಾಣುತ್ತಿತ್ತು. ಎರಡೂ ನಿಜ. ದಲಿತರ ಇಂಗ್ಲಿಷಿನ ಚರಿತ್ರೆ ಈ ಎರಡು ನಿಜಗಳ ಜಗ್ಗಾಟ.

ಮೂರನೆಯ ಘಟನೆ ನಮ್ಮದೇ ಧಾರವಾಡದ್ದು. 1856ರ ಜೂನ್‌ನಲ್ಲಿ ಒಬ್ಬ ಮಹಾರ್ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಶುಲ್ಕ ಕೊಡಲು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂದು. ಮುಂದಿನ ತಿಂಗಳು ಸರ್ಕಾರ ಕೊಟ್ಟ ಉತ್ತರವನ್ನು ಇವತ್ತಿಗೂ ಓದಿ ನೋಡಬೇಕು. ನ್ಯಾಯ ಹುಡುಗನ ಕಡೆಗಿದೆ ಅಂತ ಅದು ಒಪ್ಪಿಕೊಳ್ಳುತ್ತದೆ. ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರು ಶಾಲೆ ಬಿಟ್ಟು ಹೋಗುತ್ತಾರೆ, ಶಾಲೆಯೇ ವ್ಯರ್ಥವಾಗುತ್ತದೆ, ಆದ್ದರಿಂದ ಸದ್ಯಕ್ಕೆ ಏನೂ ಮಾಡಲಾಗದು ಎನ್ನುತ್ತದೆ. ಆ ಹುಡುಗನ ಹೆಸರನ್ನು ನಮ್ಮ ಪಠ್ಯಪುಸ್ತಕಗಳು ನಮಗೆ ಹೇಳಲಿಲ್ಲ. ಆದರೆ ಕನ್ನಡ ನಾಡಿನಲ್ಲಿ ಬೆಂಚಿಗಾಗಿ ಕಾಗದ ಬರೆದು ಜಗಳ ತೆಗೆದ ಹಿರಿಯ ಅವನು. ಅಂಬೇಡ್ಕರ್ 1928ರಲ್ಲಿ ಸೈಮನ್ ಆಯೋಗದ ಮುಂದೆ ಶೋಷಿತ ವರ್ಗಗಳ ಶಿಕ್ಷಣದ ಬಗ್ಗೆ ಹೇಳಿಕೆ ಇಟ್ಟಾಗ ಈ ಧಾರವಾಡದ ಪ್ರಕರಣವನ್ನು ಎತ್ತಿಕೊಂಡರು. ಅವರಿಗೂ ಶಾಲೆಯಲ್ಲಿ ಸಂಸ್ಕೃತ ಕಲಿಯಬಿಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಭಾಷೆ ಎಂಬ ಬಾಗಿಲಲ್ಲಿ ತಡೆಯುವುದು ಏನೆಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

4

ಸ್ಪರ್ಧಾತ್ಮಕ ಪರೀಕ್ಷೆ ಎಂದ ಕೂಡಲೇ ಅದು ಜಾತಿ ನೋಡುವುದಿಲ್ಲ, ಆದ್ದರಿಂದ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ನಮ್ಮ ಹಿರಿಯರು ಅದನ್ನು ಅಷ್ಟು ಸುಲಭವಾಗಿ ನಂಬಿರಲಿಲ್ಲ.

ಸಿವಿಲ್ ಸರ್ವಿಸ್ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರವಲ್ಲ, ಇಂಡಿಯಾದಲ್ಲೂ ಏಕಕಾಲಕ್ಕೆ ನಡೆಯಬೇಕೆಂದು ಕಾಂಗ್ರೆಸ್ಸು ಹುಟ್ಟಿದಾಗಿನಿಂದ ಕೇಳುತ್ತಿತ್ತು. 1893ರ ಜೂನ್‌ನಲ್ಲಿ ಬ್ರಿಟಿಷ್ ಕೆಳಮನೆ ಅದಕ್ಕೆ ಒಪ್ಪುವ ನಿರ್ಣಯ ಮಾಡಿತು. ದೇಶಾಭಿಮಾನದ ಚರಿತ್ರೆಯಲ್ಲಿ ಇದು ಸಂತೋಷದ ಸುದ್ದಿ. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಮದರಾಸಿನಲ್ಲಿ ಪರೈಯರ ಮಹಾಜನ ಸಭೆ ಸೇರಿ, ಮೂರು ಸಾವಿರಕ್ಕೂ ಹೆಚ್ಚು ಸಹಿಗಳಿದ್ದ ಮನವಿಯನ್ನು ಲಂಡನ್ನಿಗೆ ಕಳಿಸಿತು. ಪರೀಕ್ಷೆಯನ್ನು ಇಲ್ಲಿ ನಡೆಸಬೇಡಿ, ನಡೆಸಿದರೆ ಮೇಲುಜಾತಿಗಳೇ ಅಧಿಕಾರಿಗಳಾಗಿ ನಮ್ಮ ತಲೆ ಮೇಲೆ ಕೂರುತ್ತಾರೆ ಎಂಬುದು ಅದರ ಸಾರ. ಇದನ್ನು ಮುಂದೆ ನಿಂತು ಮಾಡಿದವರು ರೆಟ್ಟಮಲೈ ಶ್ರೀನಿವಾಸನ್. ಮುಂದೆ 1930ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಅಂಬೇಡ್ಕರ್ ಜೊತೆ ಹೋದವರೂ ಅವರೇ.

ಈ ಮನವಿಯನ್ನು ದೇಶದ್ರೋಹ ಅಂತ ಕರೆದವರುಂಟು. ಹಾಗೆ ನೋಡುವುದು ಚರಿತ್ರೆಯನ್ನು ಊರೊಳಗೆ ನಿಂತು ನೋಡುವುದು. ಕೇರಿಯಲ್ಲಿ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. ಶಾಲೆಯ ಬಾಗಿಲನ್ನೇ ಮುಚ್ಚಿಟ್ಟು ಪರೀಕ್ಷೆಯ ಬಾಗಿಲನ್ನು ತೆರೆದರೆ ಒಳಗೆ ಹೋಗುವವರು ಯಾರು ಎಂಬ ಲೆಕ್ಕ ಅವರಿಗೆ ಸ್ಪಷ್ಟವಿತ್ತು.

ಇನ್ನೊಂದು ಮಾತು. ಅದೇ 1893ರಲ್ಲಿ ಶ್ರೀನಿವಾಸನ್ ಒಂದು ಪತ್ರಿಕೆ ಶುರುಮಾಡಿದರು. ಅದರ ಹೆಸರು 'ಪರೈಯನ್'. ಇಂಗ್ಲಿಷರು ನಿಘಂಟಿಗೆ ಬೈಗುಳವಾಗಿ ಒಯ್ದ ಹೆಸರನ್ನು ಅವರು ಪತ್ರಿಕೆಯ ತಲೆಯ ಮೇಲೆ ಅಚ್ಚು ಹಾಕಿಸಿದರು. ಅವರದೇ ಕಾಲದ ಅಯೋತಿ ದಾಸರು ಇದಕ್ಕೆ ಒಪ್ಪಲಿಲ್ಲ. ಆ ಹೆಸರೇ ನಮ್ಮದಲ್ಲ, ಅದು ನಮ್ಮ ಮೇಲೆ ಹೊರಿಸಿದ್ದು, ನಾವು ಮೂಲದಲ್ಲಿ ಬೌದ್ಧರು ಎಂದರು. 1907ರಿಂದ 'ತಮಿಳನ್' ವಾರಪತ್ರಿಕೆಯಲ್ಲಿ ಅದನ್ನೇ ಬರೆದರು. ಕೆಜಿಎಫ್ ಗಣಿ ಕಾರ್ಮಿಕರ ನಡುವೆ ಅವರ ಬೌದ್ಧ ಸಂಘಕ್ಕೆ ಗಟ್ಟಿಯಾದ ನೆಲೆಯಿತ್ತು. ಒಂದು ಪದದ ಬಗ್ಗೆ ನಮ್ಮ ಜನ ನೂರು ವರ್ಷಕ್ಕೂ ಹಿಂದೆಯೇ ಇಷ್ಟು ವಾದ ಮಾಡಿದ್ದಾರೆ. ಗೈಡಿನ ಪಟ್ಟಿಯಲ್ಲಿ ಅದಕ್ಕೆ ಒಂದೇ ಅರ್ಥ!

ಮೈಸೂರು ಸಂಸ್ಥಾನದ ಕಥೆಯೂ ಇದಕ್ಕೆ ಸೇರಿದ್ದೇ. 1891ರಲ್ಲಿ ಇಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ಇಂಗ್ಲಿಷ್ ಓದಿದ ಬ್ರಾಹ್ಮಣರಿಂದ ಕಚೇರಿಗಳು ತುಂಬಿದವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ದಕ್ಷತೆಯನ್ನು ಬರೀ ಓದಿನ ಅರ್ಹತೆಯಿಂದ ಅಳೆಯಲಾಗದು ಎಂಬ ಅರ್ಥದ ಮಾತು 1919ರ ಆ ವರದಿಯಲ್ಲಿದೆ. ಯೋಗ್ಯತೆ ಕೆಡುತ್ತದೆ ಎಂಬ ಕೂಗು ಆಗಲೂ ಎದ್ದಿತ್ತು. ಇವತ್ತು ನಾವು ಕೇಳುವ ಮೆರಿಟ್ಟಿನ ಮಾತಿಗೆ ನಮ್ಮ ನೆಲದಲ್ಲೇ ನೂರು ವರ್ಷದ ಹಳೆಯ ಬೇರಿದೆ.

5

ಪರೀಕ್ಷೆ ಬುದ್ಧಿಯನ್ನು ಅಳೆಯುತ್ತದೆಯೋ ಮನೆಯನ್ನು ಅಳೆಯುತ್ತದೆಯೋ ಎಂಬ ಪ್ರಶ್ನೆಯನ್ನು ಅಮೆರಿಕದ ಕಪ್ಪು ಜನ ನಮಗಿಂತ ಮೊದಲು ನ್ಯಾಯಾಲಯಕ್ಕೆ ಒಯ್ದರು. ದಲಿತ ಪ್ಯಾಂಥರ್ಸ್ 1972ರಲ್ಲಿ ಅವರಿಂದ ಹೆಸರನ್ನು ತಂದಿತು. ಅವರ ಈ ವಾದವನ್ನೂ ನಾವು ತಂದುಕೊಳ್ಳಬೇಕು.

ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ತನ್ನ ಸಿಪಾಯಿಗಳಿಗೆ ಬುದ್ಧಿ ಪರೀಕ್ಷೆ ಕೊಟ್ಟಿತು. ಅದರಲ್ಲೊಂದು ಪ್ರಶ್ನೆ, ಕ್ರಿಸ್ಕೊ ಎಂದರೇನು? ಔಷಧಿಯೆ, ಟೂತ್‌ಪೇಸ್ಟೆ, ತಿನ್ನುವ ಪದಾರ್ಥವೆ? ಅದು ಅಲ್ಲಿನ ಅಂಗಡಿಯ ಅಡುಗೆ ಕೊಬ್ಬಿನ ಹೆಸರು. ಹಡಗಿನಿಂದ ಆಗತಾನೆ ಇಳಿದ ಬಡವನಿಗೆ ಗೊತ್ತಿರದಿದ್ದರೆ ಅವನ ಬುದ್ಧಿಮಟ್ಟ ಕಡಿಮೆ! ಈ ಅಂಕಗಳನ್ನು ಹಿಡಿದು ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗಮ್ 1923ರಲ್ಲಿ ಜನಾಂಗಗಳ ಬುದ್ಧಿಯ ಮೇಲು ಕೀಳನ್ನು ಬರೆದ. 1926ರಲ್ಲಿ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆ ರೂಪಿಸಿದವನೂ ಅವನೇ. ನಮ್ಮ ಗೈಡುಗಳಲ್ಲಿ ಬರುವ 'ಇದು ಅದಕ್ಕೆ ಹೇಗೋ ಹಾಗೆ ಅದು ಯಾವುದಕ್ಕೆ' ಎಂಬ ಬಗೆಯ ಪ್ರಶ್ನೆಗಳು ಈ ವಂಶದವು. ಆದರೆ 1930ರಲ್ಲಿ ಬ್ರಿಗಮ್ ತಾನೇ ತನ್ನ ತೀರ್ಮಾನಗಳಿಗೆ ಆಧಾರವಿಲ್ಲ ಎಂದು ಒಪ್ಪಿಕೊಂಡ. ಒಂದು ಭಾಷೆಯ ಪರೀಕ್ಷೆಯಿಂದ ಜನರನ್ನು ಹೋಲಿಸಬೇಕಾದರೆ ಆ ಭಾಷೆ ಕಲಿಯಲು ಅವರೆಲ್ಲರಿಗೂ ಸಮಾನ ಅವಕಾಶ ಸಿಕ್ಕಿರಬೇಕು ಎಂದ. ಅವನು ಹಿಂತೆಗೆದುಕೊಂಡದ್ದು ಗೈಡುಗಳಿಗೆ ಇನ್ನೂ ತಲುಪಿಲ್ಲ.

1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಗ್ರಿಗ್ಸ್ ಮೊಕದ್ದಮೆಯ ತೀರ್ಪು ಕೊಟ್ಟಿತು. ನಾರ್ತ್ ಕೆರೊಲಿನಾದ ಒಂದು ವಿದ್ಯುತ್ ಸ್ಥಾವರದಲ್ಲಿ ಕಪ್ಪು ಕೆಲಸಗಾರರನ್ನು ಕೂಲಿ ವಿಭಾಗಕ್ಕೆ ಮಾತ್ರ ಇಟ್ಟುಕೊಂಡಿದ್ದರು. ಜನಾಂಗ ಭೇದವನ್ನು ನಿಷೇಧಿಸುವ ಕಾನೂನು ಉದ್ಯೋಗಕ್ಕೆ ಜಾರಿಯಾದ ದಿನವೇ, 1965ರ ಜುಲೈ 2ರಂದು, ಮೇಲಿನ ಕೆಲಸಗಳಿಗೆ ಬುದ್ಧಿ ಪರೀಕ್ಷೆಯೂ ಬಂತು. ಕೋರ್ಟು ಕೇಳಿದ್ದು ಒಂದೇ ಪ್ರಶ್ನೆ. ಈ ಪರೀಕ್ಷೆಗೂ ಮಾಡಬೇಕಾದ ಕೆಲಸಕ್ಕೂ ಏನು ಸಂಬಂಧ? ಸಂಬಂಧ ತೋರಿಸಲಾಗದಿದ್ದರೆ, ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇಲ್ಲದಿದ್ದರೂ, ಅದು ಭೇದವೇ. ತೀರ್ಪಿನಲ್ಲಿ ಈಸೋಪನ ನರಿ ಕೊಕ್ಕರೆಯ ಕಥೆಯ ನೆನಪು ಬರುತ್ತದೆ. ನಾವೂ ಶಾಲೆಯಲ್ಲಿ ಓದಿದ್ದೇ. ಇಬ್ಬರಿಗೂ ಊಟ ಬಡಿಸಿದೆ ಎಂದರೆ ಸಾಲದು, ಪಾತ್ರೆ ಎಂಥದ್ದು ಅಂತ ನೋಡಬೇಕು.

1972ರಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕಪ್ಪು ಮನಶ್ಶಾಸ್ತ್ರಜ್ಞ ಆಟವನ್ನು ತಿರುಗಿಸಿದ. ಕಪ್ಪು ಜನರ ಬೀದಿಯ ಮಾತು, ನುಡಿಗಟ್ಟುಗಳಿಂದಲೇ ನೂರು ಪ್ರಶ್ನೆಗಳ ಪರೀಕ್ಷೆ ಮಾಡಿದ. ಕಪ್ಪು ಮಕ್ಕಳು ಬಿಳಿಯರನ್ನು ಬಹಳ ಹಿಂದೆ ಹಾಕಿದರು. ಬಿಳಿಯರು ದಡ್ಡರು ಅಂತ ಸಾಧಿಸುವುದು ಅವನ ಉದ್ದೇಶವಲ್ಲ. ಯಾರ ಮಾತು ಪ್ರಶ್ನೆಪತ್ರಿಕೆಯಾಗುತ್ತದೆಯೋ ಅವರೇ ಬುದ್ಧಿವಂತರಾಗುತ್ತಾರೆ ಎಂದು ತೋರಿಸುವುದು.

6

ನಮ್ಮಲ್ಲಿ 1943ರಲ್ಲಿ, ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿದ್ದಾಗ, ಕೇಂದ್ರದ ನೌಕರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 8.33 ಮೀಸಲಾತಿ ಬಂತು. ಸಂವಿಧಾನ ಅದನ್ನು ಗಟ್ಟಿ ಮಾಡಿತು. ಆದರೆ ಮೀಸಲಾತಿ ಕುರ್ಚಿಯನ್ನು ಕಾದಿಟ್ಟಿತೇ ಹೊರತು ಕುರ್ಚಿಯವರೆಗಿನ ದಾರಿಯ ಭಾಷೆಯನ್ನು ಬದಲಿಸಲಿಲ್ಲ.

ಕೊಠಾರಿ ಸಮಿತಿಯ 1976ರ ವರದಿಯ ನಂತರ, 1979ರಿಂದ ಸಿವಿಲ್ ಸರ್ವಿಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯುವ ಅವಕಾಶ ಬಂತು. ಹಳ್ಳಿಯ ಮಕ್ಕಳು ಐಎಎಸ್ ಕನಸು ಕಾಣಲು ಇದು ದೊಡ್ಡ ಕಾರಣ. 2011ರಲ್ಲಿ ಪೂರ್ವಭಾವಿ ಪರೀಕ್ಷೆಗೆ ಸಿಸ್ಯಾಟ್ ಬಂದು ಇಂಗ್ಲಿಷ್ ಗ್ರಹಿಕೆಯ ಪ್ರಶ್ನೆಗಳು ಅಂಕಕ್ಕೆ ಸೇರಿದವು. 2013ರ ಮಾರ್ಚ್‌ನಲ್ಲಿ ಮುಖ್ಯ ಪರೀಕ್ಷೆಯಲ್ಲೂ ಇಂಗ್ಲಿಷಿನ ಅಂಕ ಸೇರಿಸಲು ಹೊರಟು, ಸಂಸತ್ತಿನಲ್ಲಿ ಗಲಾಟೆಯಾದ ಮೇಲೆ ಹಿಂತೆಗೆದರು. 2014ರಲ್ಲಿ ದೆಹಲಿಯ ಬೀದಿಗಳಲ್ಲಿ ಹುಡುಗರು ಲಾಠಿ ಏಟು ತಿಂದರು. ಆ ವರ್ಷ ಆ ಇಂಗ್ಲಿಷ್ ಅಂಕಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 2015ರಿಂದ ಆ ಪತ್ರಿಕೆಯಲ್ಲಿ ಶೇಕಡಾ 33 ಬಂದರೆ ಸಾಕು ಎಂದಾಯಿತು. ಕೇಳಿದರೆ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಐಎಎಸ್ ಬಗ್ಗೆ ಗಲಾಟೆಯಾಗುತ್ತದೆ, ಗುಮಾಸ್ತೆ ಕೆಲಸದ ಬಗ್ಗೆ ಆಗುವುದಿಲ್ಲ. ನಮ್ಮ ಮಕ್ಕಳು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವಿ ಮಟ್ಟದ ಮೊದಲ ಹಂತದಲ್ಲಿ ಅರವತ್ತು ನಿಮಿಷಕ್ಕೆ ನೂರು ಪ್ರಶ್ನೆ, ಅದರಲ್ಲಿ ಇಪ್ಪತ್ತೈದು ಇಂಗ್ಲಿಷು. ಒಂದು ಪ್ರಶ್ನೆಗೆ ಮೂವತ್ತಾರು ಸೆಕೆಂಡು. 2023ರಲ್ಲಿ ಕಮಿಷನ್ನು ಮಲ್ಟಿ ಟಾಸ್ಕಿಂಗ್ ಸಿಬ್ಬಂದಿಯ ಪರೀಕ್ಷೆಯನ್ನು ಕನ್ನಡವೂ ಸೇರಿ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸಿತು. ಒಳ್ಳೆಯದೇ. ಆದರೂ ಇಂಗ್ಲಿಷಿನ ಭಾಗ ಇಂಗ್ಲಿಷಾಗಿಯೇ ಉಳಿಯಿತು. ಕಡತ ಒಯ್ಯುವ, ಬಾಗಿಲು ಕಾಯುವ ಕೆಲಸಕ್ಕೂ ಇಂಗ್ಲಿಷಿನ ಪದಪಟ್ಟಿ ಬೇಕೆ? ಗ್ರಿಗ್ಸ್ ಪ್ರಶ್ನೆಯನ್ನು ನಾವು ಇಲ್ಲಿ ಕೇಳಬೇಕು.

7

ಇಷ್ಟು ಹೇಳಿದ ಮೇಲೆ ಕನ್ನಡದ ಗೆಳೆಯರು, ನೋಡಿ, ಅದಕ್ಕೇ ಇಂಗ್ಲಿಷ್ ತೊಲಗಬೇಕು ಅಂತ ಚಪ್ಪಾಳೆ ಹೊಡೆಯಬಹುದು. ಸ್ವಲ್ಪ ತಡೆಯಿರಿ. ಕನ್ನಡದ ಗಾದೆಯ ಪುಸ್ತಕಗಳನ್ನು ತೆರೆದರೆ ನಮ್ಮ ಜಾತಿಗಳ ಹೆಸರು ಹಿಡಿದು ಹೀನಾಯ ಮಾಡುವ ಮಾತುಗಳು ಸಿಗುತ್ತವೆ. ಅವನ್ನು ಇಲ್ಲಿ ಬರೆದು ಇನ್ನೊಂದು ಸಲ ಅಚ್ಚು ಮಾಡಿಸುವ ಆಸೆ ನನಗಿಲ್ಲ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ನಾಡಿನ ಬೀದಿಗಳಲ್ಲಿ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯಿತು. ತಾಯ್ನುಡಿ ಎಲ್ಲರಿಗೂ ಒಂದೇ ತಾಯಿಯಾಗಿರಲಿಲ್ಲ.

1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಬಂತು. ನಂಜನಗೂಡು ಸೀಮೆಯ ಕೇರಿಯ ಮಾತು, ಕೇರಿಯ ನುಡಿಗಟ್ಟು. ಕನ್ನಡದಲ್ಲಿ ಪದವಿಗಳ ಮೇಲೆ ಪದವಿ ಪಡೆದವರು ಅರ್ಥವಾಗುತ್ತಿಲ್ಲ ಎಂದರು. ವಿಲಿಯಮ್ಸ್ ಮಾಡಿದ ಪರೀಕ್ಷೆಗೆ ಕನ್ನಡ ವಿಮರ್ಶೆ ಕೂತದ್ದು ಆಗ. ತಮಾಷೆ ಅಂದರೆ, ಅರ್ಥವಾಗದಿದ್ದಾಗ ಅವರು ತಮ್ಮ ಬುದ್ಧಿಯನ್ನು ಸಂಶಯಿಸಲಿಲ್ಲ, ಪುಸ್ತಕವನ್ನು ಸಂಶಯಿಸಿದರು. ನಮ್ಮ ಹುಡುಗಿ ಗೈಡು ಅರ್ಥವಾಗದಿದ್ದಾಗ ತನ್ನ ಬುದ್ಧಿಯನ್ನೇ ಸಂಶಯಿಸುತ್ತಾಳೆ. ಯಜಮಾನಿಕೆ ಎಂದರೆ ಇದೇ.

8

ಹಾಗಾದರೆ ಭಾನುವಾರದ ಪಾಠ ಏನಾಗಬೇಕು? ನಾನು ಈಗ ಮಾಡುತ್ತಿರುವುದನ್ನು ಹೇಳುತ್ತೇನೆ. ಬೇರೆ ಊರುಗಳಲ್ಲಿ ಇಂಥ ತರಗತಿ ನಡೆಸುವ ಗೆಳೆಯರು ಇದನ್ನು ತಿದ್ದಬಹುದು.

ಮೊದಲ ದಿನವೇ ಹೇಳಿಬಿಡುತ್ತೇನೆ, ಇದು ಬುದ್ಧಿಯ ಪರೀಕ್ಷೆ ಅಲ್ಲ ಕಣ್ರಪ್ಪಾ, ಪರಿಚಯದ ಪರೀಕ್ಷೆ. ನಿಮಗೆ ಪರಿಚಯವಿಲ್ಲ, ಮಾಡಿಕೊಳ್ಳೋಣ. ಇಷ್ಟು ಹೇಳಿದರೇ ಅರ್ಧ ಭಯ ಹೋಗುತ್ತದೆ.

ಆಮೇಲೆ ಪಟ್ಟಿಯನ್ನು ಅಕ್ಷರಮಾಲೆಯಂತೆ ಓದಿಸುವುದಿಲ್ಲ. ಒಂದೊಂದಕ್ಕೂ ಅದರ ಚರಿತ್ರೆ ಹೇಳುತ್ತೇನೆ. 'ಬಿಲೋ ದ ಸಾಲ್ಟ್' ಎಂದರೆ ಕೀಳು ಅಂತಸ್ತು. ಹಳೆಯ ಕಾಲದ ಇಂಗ್ಲೆಂಡಿನ ದೊಡ್ಡಮನೆಗಳಲ್ಲಿ ಊಟದ ಮೇಜಿನ ನಡುವೆ ಉಪ್ಪಿನ ಬಟ್ಟಲು ಇಡುತ್ತಿದ್ದರು. ಯಜಮಾನನ ಕಡೆ ಕೂರುವವರು ಮೇಲಿನವರು, ಉಪ್ಪಿನಿಂದ ಕೆಳಗೆ ಕೂರುವವರು ಕೆಳಗಿನವರು. ಪಂಕ್ತಿಭೇದ ಅಂದ ಕೂಡಲೇ ನಮ್ಮ ಮಕ್ಕಳಿಗೆ ಮರೆಯುವುದೇ ಇಲ್ಲ. 'ಬ್ಲೂ ಬ್ಲಡ್' ಸ್ಪೇನಿನ ಕುಲೀನರಿಂದ ಬಂದದ್ದು. ನಮ್ಮ ರಕ್ತದಲ್ಲಿ ಮೂರರ, ಯೆಹೂದಿಗಳ ಬೆರಕೆಯಿಲ್ಲ, ನೋಡಿ, ಬಿಳಿ ಚರ್ಮದಡಿ ನರ ನೀಲಿ ಕಾಣುತ್ತದೆ ಎಂಬ ಜಂಬ. 'ಬಿಯಾಂಡ್ ದ ಪೇಲ್' ಎಂದರೆ ಸಹಿಸಲಾಗದ ನಡತೆ. ಪೇಲ್ ಅಂದರೆ ಗೂಟ, ಬೇಲಿ. ಬೇಲಿಯಾಚೆ, ಊರಾಚೆ. ಅಲ್ಲೇ ನಮ್ಮ ಕೇರಿ ಇರೋದು ಅಂತ ಒಬ್ಬ ಹುಡುಗ ನಕ್ಕ. ಎಲ್ಲರೂ ನಕ್ಕರು. ಅವನಿಗೆ ಆ ನುಡಿಗಟ್ಟು ಜೀವಮಾನಕ್ಕೂ ಬಂತು.

ಮೇಲು ಕೀಳಿನ ಚರಿತ್ರೆ ಇಂಗ್ಲಿಷಿನ ಹೊಟ್ಟೆಯಲ್ಲೂ ಇದೆ. ಆ ಚರಿತ್ರೆ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು, ಪುಸ್ತಕದಿಂದಲ್ಲ, ಬದುಕಿನಿಂದ. ಇಂಗ್ಲಿಷು ದೇವತೆಯೂ ಅಲ್ಲ, ಭೂತವೂ ಅಲ್ಲ. ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ 2010ರಲ್ಲಿ ಚಂದ್ರಭಾನ್ ಪ್ರಸಾದರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ನನಗೆ ಇನ್ನೊಂದು ಗುಡಿ ಬೇಡ. ಕೀಲಿ ಬೇಕು. ಕೀಲಿ ಯಾರು ಮಾಡಿದರು, ಯಾಕೆ ಮಾಡಿದರು ಅಂತಲೂ ಗೊತ್ತಿರಬೇಕು.

ಮೂರನೆಯದು ತರಗತಿಯ ಹೊರಗಿನ ಕೆಲಸ. ಪ್ರತಿ ನೇಮಕಾತಿಯ ಪ್ರಕಟಣೆ ಬಂದಾಗಲೂ ಈ ಪರೀಕ್ಷೆಗೂ ಆ ಕೆಲಸಕ್ಕೂ ಏನು ಸಂಬಂಧ ಎಂದು ಬರಹದಲ್ಲಿ ಕೇಳಬೇಕು. ಕೆಲಸಕ್ಕೆ ಬೇಕಾದ ಇಂಗ್ಲಿಷು ಕೇಳಲಿ, ಒಂದು ಪತ್ರ ಓದಿ ಅರ್ಥ ಹೇಳು ಎನ್ನಲಿ, ಬೇಡ ಅನ್ನುವುದಿಲ್ಲ. ಲಂಡನ್ನಿನ ಊಟದ ಮೇಜಿನ ಉಪ್ಪನ್ನು ಕೇಳುವುದು ಯಾಕೆ? ಧಾರವಾಡದ ಹುಡುಗ 1856ರಲ್ಲಿ ಒಬ್ಬನೇ ಅರ್ಜಿ ಬರೆದ. ನಾವು ಇವತ್ತು ಒಬ್ಬೊಬ್ಬರೇ ಇಲ್ಲ.

ಕೆಜಿಎಫ್ ಹುಡುಗಿಗೆ ಶ್ರೀನಿವಾಸನ್, ಅಯೋತಿ ದಾಸರ ಕಥೆಯನ್ನು ಹೇಳಿದೆ. ಗೈಡಿನ ಅಂಚಿನಲ್ಲಿ, ಪರಾಯಾ ಪದದ ಪಕ್ಕ, '1893, ನಮ್ಮವರ ಪತ್ರಿಕೆ' ಅಂತ ಪೆನ್ಸಿಲಿನಲ್ಲಿ ಬರೆದುಕೊಂಡಳು. "ಪರೀಕ್ಷೆಯಲ್ಲಿ ಮಾತ್ರ ಅವರು ಕೇಳಿದ್ದಕ್ಕೇ ಗುರುತು ಹಾಕಮ್ಮ" ಅಂದೆ. "ಹಾಕ್ತೀನಿ ಸರ್, ಎರಡು ಅಂಕ ಯಾಕೆ ಬಿಡಲಿ" ಅಂದಳು. ಮುಂದಿನ ಪ್ರಶ್ನೆಗೆ ಹೋದೆವು.